ಪಾತ್ರದ ಹಾಳೆಯ ಹಿಂಬದಿ

“ಇಪ್ಪತ್ತೈದು ವರ್ಷ ನನ್ನ ಬಾಯಲ್ಲಿ ಬೇರೆಯೋರ ಮಾತೇ ಇತ್ತು ರೋಲಾಂದ್. ರಾಣಿ ಮಾತು, ಕಳ್ಳಿ ಮಾತು, ಗಂಡ ಸತ್ತೋಳ ಮಾತು, ಗಂಡನ್ನ ಬಿಟ್ಟು ಓಡಿದೋಳ ಮಾತು. ಹಾಲಿನಂಗಡಿಗೆ ಹೋಗಿ ‘ಅರ್ಧ ಲೀಟರ್ ಕೊಡಿ’ ಅನ್ನೋವಾಗ್ಲೂ, ಇದನ್ನ ಯಾರು ಬರೆದುಕೊಟ್ರಪ್ಪಾ ಅಂತ ಒಂದು ಗಳಿಗೆ ಅನುಮಾನ ಬರೋದು. ನಲವತ್ತಕ್ಕೆ ಬಂದಾಗ, ನನ್ನದು ಅಂತ ಒಂದು ಮಾತು ಹೇಳೋಣ ಅನ್ನಿಸ್ತು. ದೊಡ್ಡದೇನಲ್ಲ. ನಮ್ಮಮ್ಮ ಕೆಲಸದಿಂದ ಬರೋವಾಗ ಅವಳ ಮೈಯಿಂದ ಎಂಥಾ ವಾಸನೆ ಬರ್ತಿತ್ತು ಅನ್ನೋದು, ಅಷ್ಟೆ. ಬರೆದೆ. ಅಚ್ಚಾಯ್ತು. ಜನ ಓದಿದ್ರು, ಚೆನ್ನಾಗಿದೆ ಅಂದ್ರು. ಆಮೇಲೆ ಏನಂದ್ರು? ಗಂಡ ಬರೆದುಕೊಟ್ಟಿದ್ದಾನೆ ಅಂದ್ರು. ತಮಾಷೆ ನೋಡು. ರಂಗದ ಮೇಲೆ ಬೇರೆಯೋರ ಮಾತು ಆಡಿದಾಗ ‘ಆಹಾ, ಅವಳದೇ ಮಾತು ಅನ್ಸತ್ತೆ’ ಅಂತ ಚಪ್ಪಾಳೆ ಹೊಡೀತಿದ್ರು. ನನ್ನದೇ ಮಾತು ಆಡಿದ್ರೆ ‘ಇದು ಯಾರದು?’ ಅಂದ್ರು. ಈಗ ಕೋಪಾನೂ ಬರಲ್ಲ. ಸುಸ್ತು. ಅದು ಅರ್ಮೆಲ್‌ಳದು ಅಂತ ಅವನ ಬಾಯಿಂದ ಒಂದು ಸಲ ಬಂದ್ರೆ ಸಾಕು. ಆಮೇಲೆ ನಾನೂ ಸುಮ್ನಿರ್ತೀನಿ, ನೀನೂ ಸುಮ್ನಿರು.”

ಅರ್ಮೆಲ್ ತೆಸ್ಸಿಯೆ ಈ ಮಾತು ಹೇಳಿದ್ದು ಕಡಲಂಚಿನ ಫೆಕಾಂ ಊರಿನ ನಮ್ಮ ಅಡುಗೆಮನೆಯಲ್ಲಿ, ಒಂದು ಮಾರ್ಚ್ ತಿಂಗಳ ಬೆಳಿಗ್ಗೆ. ಅವರಿಗೆ ಆಗ ಅರವತ್ತು. ನಾನು ಇಸ್ತ್ರಿ ಮಾಡುತ್ತಿದ್ದೆ. ಕೇಳುತ್ತ ಕೇಳುತ್ತ ನನ್ನ ಕೈ ಅಂಗಿಯ ಮೇಲೆ ನಿಂತುಬಿಟ್ಟಿತು. ಇಸ್ತ್ರಿಗೆ ಬಂದಿದ್ದ ಊರಿನ ದಂತವೈದ್ಯರ ಬಿಳಿ ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಗುರುತು ಇವತ್ತಿಗೂ ಇರಬೇಕು. ಕೈ ನಿಲ್ಲಲು ಕಾರಣವಿತ್ತು. ಆ ಪುಸ್ತಕ ಅವರದೇ ಎಂದು ತೋರಿಸಲು ಲೋಕದಲ್ಲಿ ಇದ್ದದ್ದು ಒಂದೇ ಒಂದು ಕಟ್ಟು ಕಾಗದ. ಅದನ್ನು ಬಾಯ್ಲರಿನ ಬೆಂಕಿಗೆ ಹಾಕಿದವಳು ನಾನು. ಹದಿನೆಂಟು ವರ್ಷ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ನಾನು ಅವರ ಉಡುಪಿನವಳು. ಪ್ಯಾರಿಸ್ಸಿನ ನಮ್ಮ ಥಿಯೇಟರಿನಲ್ಲಿ ನಟಿಯರಿಗೆ ಬಟ್ಟೆ ತೊಡಿಸುವುದು, ಕೊಕ್ಕೆ ಹಾಕುವುದು, ಬೆವರಿನ ಕಲೆ ತೆಗೆಯುವುದು, ಎರಡು ಅಂಕಗಳ ನಡುವೆ ಆರು ನಿಮಿಷದಲ್ಲಿ ವಿಧವೆಯನ್ನು ಮದುಮಗಳು ಮಾಡುವುದು ನನ್ನ ಕೆಲಸ. ಹನ್ನೆರಡಕ್ಕೇ ಶಾಲೆ ಬಿಟ್ಟವಳು ನಾನು. ಬೆರಳಿಟ್ಟುಕೊಂಡು ಓದುತ್ತೇನೆ. ಆದರೆ ಹೆಂಗಸರು ಬಟ್ಟೆ ಬದಲಿಸುವಾಗ ಹೇಳುವ ಮಾತು ಪಾದ್ರಿಯ ಮುಂದೂ ಹೇಳುವುದಿಲ್ಲ. ಮದಾಂ ಅರ್ಮೆಲ್ ವಿಷಯ ನನಗೆ ತಿಳಿದದ್ದೆಲ್ಲ ಹಾಗೆ, ಬೆನ್ನ ಹಿಂದೆ ನಿಂತು ಕೊಕ್ಕೆ ಹಾಕುತ್ತ ಕೇಳಿದ್ದು.

ಅವರು ಹುಟ್ಟಿದ್ದು ಇದೇ ಫೆಕಾಂನಲ್ಲಿ. ಅಪ್ಪ ದೂರದ ಮಂಜುಗಡಲಿಗೆ ಕಾಡ್ ಮೀನು ಹಿಡಿಯಲು ಹೋದವನು ಬರಲಿಲ್ಲ. ಅಮ್ಮನ ಹೆಸರು ಬೆರ್ತ್, ಹೊಗೆಮನೆಯಲ್ಲಿ ಹೆರಿಂಗ್ ಮೀನಿಗೆ ಹೊಗೆ ಹಾಕುವ ಕೂಲಿ. ಮೀನಿನ ಕಿವಿರಿನಿಂದ ಕೋಲು ತೂರಿಸಿ ಬಾಯಿಂದ ಹೊರತೆಗೆದು, ಒಂದೊಂದು ಕೋಲಿಗೆ ಸಾಲಾಗಿ ಪೋಣಿಸಿ, ಬೀಚ್ ಮರದ ಹೊಗೆಯಲ್ಲಿ ತೂಗುಹಾಕಬೇಕು. ಬೆರಳ ಸಂದಿಯ ಉಪ್ಪುಹುಣ್ಣು ಬೇಸಿಗೆಯಲ್ಲಿ ಮಾತ್ರ ಮಾಯುತ್ತಿತ್ತಂತೆ. ಮಗಳೂ ಹದಿಮೂರಕ್ಕೆ ಕೋಲು ಹಿಡಿದಳು. ಹದಿನೇಳಾದಾಗ ಊರಿಗೆ ಬಂದ ಸಂಚಾರಿ ನಾಟಕದವರಲ್ಲಿ ಅಡುಗೆಯವಳ ಪಾತ್ರದ ಹುಡುಗಿಗೆ ಜ್ವರ ಬಂತು. ತಟ್ಟೆ ತಂದು “ಊಟ ಸಿದ್ಧವಾಗಿದೆ ಮದಾಂ” ಎನ್ನಲು ಒಬ್ಬಳು ಬೇಕಿತ್ತು.

“ತಟ್ಟೆ ಹಿಡಿಯೋಕೆ ಬರತ್ತಾ ನಿಂಗೆ?” ಎಂದು ಮ್ಯಾನೇಜರು ಕೇಳಿದನಂತೆ.

“ಮೀನಿನ ಬುಟ್ಟಿ ಹೊರ್ತೀನಿ, ತಟ್ಟೆ ಹಿಡಿಯಲ್ವಾ?” ಎಂದಳಂತೆ ಇವಳು.

ಹಾಗೆ ಹೋದವರು ಮತ್ತೆ ಬಂದದ್ದು ಅಮ್ಮನ ಮಣ್ಣಿಗೆ.

ನಾನು ಅವರ ಕೈಗೆ ಸಿಕ್ಕಿದ್ದು ಯುದ್ಧ ಮುಗಿದ ಮೇಲೆ. ಆ ಹೊತ್ತಿಗೆ ಅವರು ಎರಡನೇ ಸಾಲಿನ ನಟಿ. ಗೋಡೆಯ ಪೋಸ್ಟರಿನಲ್ಲಿ ಹೆಸರು ಇರುತ್ತಿತ್ತು, ಆದರೆ ಓದಲು ಕನ್ನಡಕ ಬೇಕಾಗುತ್ತಿತ್ತು. ಸಿನಿಮಾದಲ್ಲಿ ಏಳೆಂಟು ಸಲ ಬಂದಿದ್ದಾರೆ. ಹೆಚ್ಚಾಗಿ ಪೊಲೀಸರು ಮೆಟ್ಟಿಲ ಮೇಲೆ ನಿಲ್ಲಿಸಿ “ನೀವೇನಾದರೂ ನೋಡಿದಿರಾ?” ಎಂದು ಕೇಳುವ ನೆರೆಮನೆಯ ಹೆಂಗಸು. ಸೌಂದರ್ಯವೆಂದರೆ ಅಷ್ಟೇನಿಲ್ಲ, ಉದ್ದ ಮೂಗು. ಆದರೆ ನೆನಪು ಮಾತ್ರ ನಮ್ಮ ಥಿಯೇಟರಿನಲ್ಲೇ ಇಲ್ಲದಂಥದು.

ನಮ್ಮವರಲ್ಲಿ ಒಂದು ಪಾಠವಿದೆ, ಇಟಲಿಪಾಠ ಎನ್ನುತ್ತೇವೆ. ಅಭಿನಯವಿಲ್ಲ, ಅಳುವಿಲ್ಲ, ನಗುವಿಲ್ಲ. ಇಡೀ ನಾಟಕದ ಮಾತನ್ನು ಕಾಳು ಸುರಿದ ಹಾಗೆ ಸರಸರನೆ ಹೇಳಿ ಮುಗಿಸುವುದು. ನಾಲಿಗೆ ಎಲ್ಲಿ ತೊಡರುತ್ತದೆಂದು ಅಲ್ಲಿ ಗೊತ್ತಾಗುತ್ತದೆ. ಮದಾಂ ದಿನಾ ಬಟ್ಟೆ ತೊಡುವಾಗ ನನ್ನೊಡನೆ ಇಟಲಿಪಾಠ ಮಾಡುತ್ತಿದ್ದರು. ಎದುರಿನವರ ಮಾತು ನನ್ನದು. ನಾನು ರಾಜ, ನಾನು ಮಿಂಡ, ನಾನು ನ್ಯಾಯಾಧೀಶ, ಬಾಯಲ್ಲಿ ನಾಲ್ಕು ಗುಂಡುಸೂಜಿ.

ಮೂವತ್ತೊಂದಕ್ಕೆ ಮದುವೆಯಾದರು. ಗಂಡ ರೆನೋ ಮೊರ್ವಾಲ್, ನಾಟಕ ಬರೆಯುವವರು, ಆಗ ಪ್ಯಾರಿಸ್ಸಿಗೆಲ್ಲ ಬೇಕಾದವರು. ಕೆಟ್ಟ ಮನುಷ್ಯರಲ್ಲ. ನನಗೆ ಪ್ರತಿ ಹೊಸವರ್ಷಕ್ಕೆ ಚಾಕಲೇಟು ಡಬ್ಬಿ ಕೊಡುತ್ತಿದ್ದರು, ಪ್ರತಿ ವರ್ಷ ನನ್ನ ಹೆಸರು ಮರೆಯುತ್ತಿದ್ದರು. ಅವರು ಮಾತಾಡುವಾಗ ಎಲ್ಲರೂ ಕೇಳಬೇಕು. ಬೇರೆಯವರು ಮಾತಾಡುವಾಗ ಅವರ ಟೋಪಿ ಕಳೆದುಹೋಗಿರುತ್ತಿತ್ತು, ಹುಡುಕಲು ಎದ್ದುಬಿಡುತ್ತಿದ್ದರು.

ಮದಾಂ ಕಾದಂಬರಿ ಬರೆಯಲು ಶುರುಮಾಡಿದ್ದು ಅರವತ್ತೆರಡನೇ ಇಸವಿಯಲ್ಲಿ, ಮೊರ್ವಾಲರದೇ ಒಂದು ನಾಟಕ ನಡೆಯುವಾಗ. ಆ ನಾಟಕದಲ್ಲಿ ಮದಾಂಗೆ ಮೊದಲ ಅಂಕದಲ್ಲೂ ಮೂರನೆಯದರಲ್ಲೂ ಕೆಲಸ. ಎರಡನೆಯದರಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ಕೂತಿರಬೇಕು. ಒಂದು ದಿನ ನೋಡಿದರೆ ಪಾತ್ರದ ಹಾಳೆಗಳನ್ನು, ಎಂದರೆ ಅವರ ಮಾತು ಅಚ್ಚಾಗಿದ್ದ ಕಾಗದವನ್ನು, ತಿರುಗಿಸಿ ಹಿಂಬದಿಯಲ್ಲಿ ಹುಬ್ಬಿನ ಪೆನ್ಸಿಲಿನಿಂದ ಏನೋ ಗೀಚುತ್ತಿದ್ದಾರೆ.

“ಏನು ಮದಾಂ, ಪತ್ರಾನಾ?”

“ಹೂಂ. ನಮ್ಮಮ್ಮಂಗೆ.”

“ತೀರಿಕೊಂಡಿದಾರಲ್ಲ.”

“ಅದಕ್ಕೇ ಉದ್ದ ಆಗ್ತಿದೆ.”

ಬರೆಯುವ ಮೊದಲು ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು, ಇಟಲಿಪಾಠದ ಹಾಗೇ, ಸರಸರನೆ. ನಾಲಿಗೆ ತೊಡರಿದ ಕಡೆ ಪದ ಬದಲಿಸುವುದು. ಮತ್ತೆ ಮೊದಲಿಂದ ಹೇಳುವುದು. ತೊಡರದೆ ಹರಿದಾಗ ಮಾತ್ರ ಬರೆಯುವುದು. ಒಂದು ಅಧ್ಯಾಯ ಮುಗಿದಾಗ ಮನೆಗೆ ಒಯ್ದು ಗಂಡನ ಕಾರ್ಯದರ್ಶಿ ಹೆಂಗಸಿನ ಕೈಯಲ್ಲಿ ಟೈಪ್ ಮಾಡಿಸುತ್ತಿದ್ದರು. ಗಂಡನ ಯಂತ್ರ, ಗಂಡನ ಕಾಗದ, ಗಂಡ ಸಂಬಳ ಕೊಡುವ ಹೆಂಗಸು. ಆಗ ಯಾರು ಯೋಚಿಸುತ್ತಾರೆ? ಟೈಪಾದ ಮೇಲೆ ಬರೆದ ಹಾಳೆಗಳು ವಾಪಸು ನಮ್ಮ ಕೋಣೆಗೆ ಬಂದು, ಕನ್ನಡಿಯ ಮೇಜಿನ ಕೆಳಗಿನ ಖಾನೆಯಲ್ಲಿ ಕೂರುತ್ತಿದ್ದವು.

ಇನ್ನು ಆ ಭಾನುವಾರ. ಮುಂದಿನ ಜೂನ್ ತಿಂಗಳು, ನಾಟಕದ ಕೊನೆಯ ಪ್ರದರ್ಶನ, ಮಧ್ಯಾಹ್ನದ ಆಟ. ನಮ್ಮ ಥಿಯೇಟರಿನಲ್ಲಿ ಒಂದು ಕಟ್ಟುನಿಟ್ಟು. ಕೊನೆಯ ಆಟ ಮುಗಿದು ಪರದೆ ಬಿದ್ದ ಮೇಲೆ ಕೋಣೆಯಲ್ಲಿ ಹಳೆಯ ನಾಟಕದ್ದೆಂದು ಒಂದು ಕೂದಲಪಿನ್ನೂ ಉಳಿಯಬಾರದು. ಬಾಡಿದ ಹೂವು, ಬಣ್ಣದ ಡಬ್ಬಿ, ತಂತಿಗಳು, ಎಲ್ಲಾ ಹೋಗಬೇಕು. ಎಲ್ಲಕ್ಕಿಂತ ಮೊದಲು ಪಾತ್ರದ ಹಾಳೆ. ಮುಗಿದ ಮಾತು ಮೇಜಿನಲ್ಲಿ ಉಳಿದರೆ ಮುಂದಿನ ನಾಟಕದಲ್ಲಿ ಅದು ನಾಲಿಗೆಗೆ ಅಡ್ಡ ಬರುತ್ತದೆ ಎಂದು ನಮ್ಮ ನಂಬಿಕೆ. ಅದನ್ನು ಕಸಕ್ಕೂ ಹಾಕುವುದಿಲ್ಲ, ಕೆಳಗೆ ಒಯ್ದು ಬಾಯ್ಲರಿಗೆ ಹಾಕುತ್ತೇವೆ. ನನಗಿಂತ ಮೊದಲಿದ್ದವಳು ಕಲಿಸಿದ್ದು, ಅವಳಿಗೆ ಅವಳಿಗಿಂತ ಮೊದಲಿನವಳು.

ಮದಾಂ ವಿದಾಯದ ಗುಟುಕಿಗೆ ಮೇಲೆ ಹೋಗಿದ್ದರು. ಮೊರ್ವಾಲರು ಟೋಪಿ ಹುಡುಕುತ್ತ ಬಂದು, ಸಿಕ್ಕಿದ ಮೇಲೆ ಹೋದರು. ನಾನು ಖಾನೆ ಎಳೆದೆ. ಮೇಲಿನ ಹಾಳೆಯಲ್ಲಿ ಅಚ್ಚಿನ ಅಕ್ಷರ, ಮೂರನೇ ಅಂಕ. ಎಲ್ಲ ಹಾಳೆಗಳೂ ಅಚ್ಚಿನ ಬದಿ ಮೇಲೆ ಮಾಡಿ ನೀಟಾಗಿ ಜೋಡಿಸಿದ್ದವು. ಜೋಡಿಸಿದವಳೂ ನಾನೇ, ಹಿಂದಿನ ಶುಕ್ರವಾರ. ಇಡೀ ಕಟ್ಟನ್ನು ಎತ್ತಿಕೊಂಡೆ. ಇವು ಬರೆದ ಹಾಳೆಗಳೂ ಹೌದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅಂದು ಕೈ ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಓಡುತ್ತಿತ್ತು, ತಲೆ ಹಿಂದುಳಿದಿತ್ತು. ತಿರುಗಿಸಿ ನೋಡಲಿಲ್ಲ. ಮೂರು ಮೆಟ್ಟಿಲು ಸಾಲು ಇಳಿದು, ಬಾಯ್ಲರಿನ ಬಾಗಿಲು ತೆಗೆದು, ಹಾಕಿ, ಮೇಲೆ ಬಂದು ಮೇಜು ಒರೆಸಿದೆ.

ಮುಂದಿನ ವರ್ಷ ಪುಸ್ತಕ ಬಂತು. ‘ಹೊಗೆಮನೆಯ ಹೆಂಗಸರು’ ಎಂದು ಹೆಸರು. ನಾನು ಬೆರಳಿಟ್ಟುಕೊಂಡು ಓದಿದೆ, ಎರಡು ತಿಂಗಳು ಹಿಡಿಯಿತು. ಓದುವುದೇನು, ಎಲ್ಲ ಕೇಳಿದ್ದೇ. ಪುಸ್ತಕ ಚೆನ್ನಾಗಿ ನಡೆಯಿತು. ಆಗ ಯಾವುದೋ ಊಟದಲ್ಲಿ ಒಬ್ಬ ಪತ್ರಿಕೆಯವನು ಮೊರ್ವಾಲರನ್ನು ಕೇಳಿದನಂತೆ: “ನಿಜ ಹೇಳಿ ಸಾರ್, ಇದರಲ್ಲಿ ನಿಮ್ಮ ಕೈ ಎಷ್ಟು?” ಮೊರ್ವಾಲರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನಕ್ಕರು. ಗ್ಲಾಸು ಎತ್ತಿದರು. ಅಷ್ಟೇ. ಮರುವಾರ ಆ ನಗು ಪತ್ರಿಕೆಯಲ್ಲಿ ಅಚ್ಚಾಯಿತು.

ಮದಾಂ ಕೋಣೆಗೆ ಬಂದವರೇ ಖಾನೆ ಎಳೆದರು.

“ಕಾಗದ ಎಲ್ಲಿ ರೋಲಾಂದ್? ನನ್ನ ಕೈಬರಹದ್ದು. ಹೋಗಿ ಅವರ ಮೂಗಿನ ಮುಂದೆ ಹಿಡೀತೀನಿ. ಹುಬ್ಬಿನ ಪೆನ್ಸಿಲಲ್ಲಿ ಮೊರ್ವಾಲ್ ಬರೀತಾನಾ ಅಂತ ಕೇಳ್ತೀನಿ.”

ಬಾಯ್ಲರಿಗೆ ಹಾಕಿದ ಕಟ್ಟು ಆಗ ನೆನಪಿಗೆ ಬಂತು. ಬಾಯಿಗೆ ಬಂದದ್ದು ಇಷ್ಟು: “ಕೊನೇ ದಿನ ಮೊಸ್ಯೋ ಮೊರ್ವಾಲ್ ಬಂದಿದ್ರು ಮದಾಂ. ಏನೋ ಹುಡುಕ್ತಿದ್ರು.”

ಸುಳ್ಳೇನಲ್ಲ. ಬಂದಿದ್ದರು, ಹುಡುಕುತ್ತಿದ್ದರು. ಟೋಪಿ ಎಂಬ ಒಂದು ಪದ ಮಾತ್ರ ನಾನು ಬಿಟ್ಟೆ.

ಮದಾಂ ಖಾನೆಯನ್ನು ಮೆಲ್ಲಗೆ ಮುಚ್ಚಿದರು. “ಓಹೋ” ಎಂದರು.

ಎರಡು ವರ್ಷದಲ್ಲಿ ಮದುವೆ ಮುರಿಯಿತು. ಕಾಗದ ಕೊಡು ಎಂದು ಇವರು, ಯಾವ ಕಾಗದ ಎಂದು ಅವರು. ಅದೇ ಜಗಳ, ದಿನಾ ಬಿಸಿಮಾಡಿ ಬಡಿಸಿದ ಸಾರಿನ ಹಾಗೆ. ಆಮೇಲೆ ಒಂದು ಸಂಜೆ ಮದಾಂ ರಂಗದ ಮೇಲೆ ಮಾತು ಮರೆತರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ಕೆಳಗೆ ಕೂತು ಮಾತು ಎತ್ತಿಕೊಡುವವನು ಮೂರು ಸಲ ಪಿಸುಗುಟ್ಟಿದ. ಇವರಿಗೆ ಕೇಳುತ್ತಿತ್ತು, ಆದರೆ ಹೇಳಲು ಮನಸ್ಸು ಬರಲಿಲ್ಲವಂತೆ. ಒಳಗೆ ಬಂದು ನನ್ನ ಕಡೆ ಬೆನ್ನು ಕೊಟ್ಟು, “ಕೊಕ್ಕೆ ಬಿಚ್ಚು. ಸಾಕಾಯ್ತು” ಎಂದರು. ಆ ನಾಟಕದ ಮೇಲೆ ಇನ್ನೊಂದಕ್ಕೆ ಒಪ್ಪಲಿಲ್ಲ.

ಫೆಕಾಂಗೆ ವಾಪಸಾದರು. ಬಂದರಿನ ಮೇಲಿನ ಬೀದಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ನನ್ನ ಗಂಡ ತೀರಿಕೊಂಡಿದ್ದ. “ನೀನೂ ಬಾ, ಒಬ್ಬಳೇ ಕೊಕ್ಕೆ ಹಾಕಿಕೊಳ್ಳೋಕೆ ನನಗೆ ಬರಲ್ಲ” ಎಂದು ಬರೆದರು. ಹೋದೆ. ಪ್ರೀತಿಯೂ ಇತ್ತು, ತಪ್ಪಿನ ಭಾರವೂ ಇತ್ತು. ಯಾವುದು ಎಷ್ಟು ಎಂದು ನಾನು ತೂಗಿ ನೋಡಿಲ್ಲ.

ಅಲ್ಲಿ ಹದಿನಾಲ್ಕು ವರ್ಷದಲ್ಲಿ ಇನ್ನೂ ಮೂರು ಪುಸ್ತಕ ಬರೆದರು. ಬೆಳಿಗ್ಗೆ ಆರಕ್ಕೆ ಅಡುಗೆಮನೆಯ ಮೇಜು. ಬಟ್ಟಲಲ್ಲಿ ಕಾಫಿ. ನಾನು ಊರವರ ಬಟ್ಟೆ ತಂದು ಇಸ್ತ್ರಿ ಮಾಡುತ್ತಿದ್ದೆ. ಅವರು ಗೋಡೆ ನೋಡುತ್ತ ಸರಸರನೆ ಹೇಳುವುದು, ನಾನು ಕೇಳುವುದು. ಅಭಿಪ್ರಾಯ ಕೇಳಿದವರಲ್ಲ. ಇಸ್ತ್ರಿಯ ಸದ್ದು ಕೇಳುತ್ತಿದ್ದರು. ಅದು ಒಂದೇ ಸಮ ಓಡುತ್ತಿದ್ದರೆ “ಬೇಸರ ಬಂದಿದೆ ಇವಳಿಗೆ” ಎಂದು ಆ ಪುಟ ಹೊಡೆದುಹಾಕುವರು. ನಿಂತರೆ ಬರೆಯುವರು. ಈ ಲೆಕ್ಕದಲ್ಲಿ ಎಷ್ಟು ಜನರ ಅಂಗಿ ಸುಟ್ಟೆನೋ!

ಎರಡನೇ ಪುಸ್ತಕವನ್ನು ಬರೆದದ್ದೇ ಮೊದಲನೆಯದೂ ತನ್ನದು ಎಂದು ತೋರಿಸಲು. ಆರು ವರ್ಷ ಬರೆದರು. ಬಂದಾಗ ಪ್ಯಾರಿಸ್ಸಿನ ಒಂದು ಪತ್ರಿಕೆ ಬರೆಯಿತು: ಈ ಸಲ ಮೊರ್ವಾಲರ ಕೈ ಇಲ್ಲದಿರುವುದು ಎದ್ದು ಕಾಣುತ್ತದೆ. ಮದಾಂ ಅದನ್ನು ನನಗೆ ಓದಿ ಹೇಳಿ, ಪತ್ರಿಕೆಯನ್ನು ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗಿಟ್ಟರು. ಮೇಜು ಅಲುಗುವುದು ನಿಂತಿತು. ಮೂರನೆಯದನ್ನು ಯಾರೂ ಬೈಯಲಿಲ್ಲ, ಹೊಗಳಲೂ ಇಲ್ಲ. ನಾಲ್ಕನೆಯದು ಬಂದದ್ದು ಪುಸ್ತಕದಂಗಡಿಯವನಿಗೂ ಗೊತ್ತಿರಲಿಲ್ಲ.

ಫೆಕಾಂನಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ. ಅವರ ದೊಡ್ಡಮ್ಮನ ಮಗಳು ಲೆಯೋಂತಿನ್ ಮೀನುಕಟ್ಟೆಯಲ್ಲಿ ಕೂತು ಮಾರುವವಳು, ದನಿ ಎಂದರೆ ಬಂದರಿನ ಸೈರನ್. ಬೀದಿಯಲ್ಲಿ ನಿಲ್ಲಿಸಿ ಜಗಳಕ್ಕೇ ಬರುತ್ತಿದ್ದಳು.

“ಏನೇ ಅರ್ಮೆಲ್, ನಮ್ಮಮ್ಮ ಹೊಗೆಮನೇಲಿ ಮೀನು ಕದ್ದು ಲಂಗದಲ್ಲಿ ಇಟ್ಕೊತಿದ್ಲು ಅಂತ ಊರಿಗೆಲ್ಲ ಹೇಳ್ಬೇಕಿತ್ತಾ?”

“ಹೆಸರು ಬದಲಿಸಿದೀನಲ್ಲೇ.”

“ಹೆಸರು ಬದಲಿಸಿದ್ರೆ ಕುಂಟು ಹೋಗತ್ತಾ? ಕುಂಟುತ್ತಾ ಕದಿಯೋಳು ಈ ಊರಲ್ಲಿ ಇನ್ಯಾರಿದ್ರು?”

“ಅದನ್ನ ಮೊರ್ವಾಲ್ ಬರೆದಿದ್ದಂತೆ, ಅವನ್ನ ಕೇಳು ಹೋಗು.”

“ಯಾರು, ಆ ಕೈಗವಸಿನವನಾ? ನಿನ್ನ ಅಮ್ಮನ ಮಣ್ಣಿಗೆ ಬಂದಾಗ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ನಲ್ಲ! ಅವನಿಗೆ ಹೆರಿಂಗಿನ ತಲೆ ಯಾವುದು ಬಾಲ ಯಾವುದು ಗೊತ್ತಿಲ್ಲ. ಬರೆದೋಳು ನೀನೇ, ಬೈಸಿಕೊಳ್ಳೋಳೂ ನೀನೇ. ತಗೋ, ಇವೆರಡು ಮ್ಯಾಕೆರೆಲ್, ತಾಜಾ ಇದೆ.”

ಮದಾಂ ಮೀನು ತೆಗೆದುಕೊಂಡು ಬರುತ್ತಿದ್ದರು. ಬರುವಾಗ ಒಂದು ದಿನ ನಾನು ಹೇಳಿದೆ: “ಲೆಯೋಂತಿನ್ ಒಪ್ಪಿಕೊಂಡ್ಲಲ್ಲ ಮದಾಂ, ಸಾಲ್ದಾ?”

“ಅವಳು ಒಪ್ಪಿಕೊಳ್ತಿಲ್ಲ ಕಣೇ, ಆರೋಪ ಹೊರಿಸ್ತಿದಾಳೆ. ಅವನು ಕಿತ್ಕೊಂಡಿದ್ದು. ಅವನೇ ವಾಪಸ್ ಕೊಡ್ಬೇಕು.”

ಹಾಗಿರುವಾಗ ಆ ಮಾರ್ಚ್ ತಿಂಗಳಲ್ಲಿ ಒಂದು ಪತ್ರ ಬಂತು. ಪ್ಯಾರಿಸ್ಸಿನ ಹೊರಗೆ ಮುದುಕರನ್ನು ನೋಡಿಕೊಳ್ಳುವ ಒಂದು ಮನೆಯಿಂದ. ಮೊರ್ವಾಲರು ಅಲ್ಲಿದ್ದಾರೆ, ಎಪ್ಪತ್ತೊಂಬತ್ತು ವಯಸ್ಸು, ಮದಾಂ ಹೆಸರು ಹಿಡಿದು ಕೇಳುತ್ತಾರೆ, ಒಮ್ಮೆ ಬಂದು ಹೋದರೆ ಒಳ್ಳೆಯದು. ಆಗ ಮದಾಂ ಆಡಿದ್ದೇ ಈ ಕತೆಯ ಮೊದಲಿಗೆ ನಾನು ಹೇಳಿದ ಆ ಮಾತುಗಳು. ಆಡಿ ಮುಗಿಸಿ, ಕಾಫಿ ಬಟ್ಟಲು ತೊಳೆದಿಟ್ಟು ಹೇಳಿದರು: “ನಾಳೆ ಹೋಗೋಣ. ನನ್ನ ಕಾಗದ ಅವನ ಹತ್ರಾನೇ ಇರತ್ತೆ, ಹಳೇ ಪತ್ರಗಳ ಜೊತೆ. ಕೇಳಿ ತರ್ತೀನಿ. ಸಾಯೋ ಕಾಲಕ್ಕೆ ಇಲ್ಲ ಅನ್ನಲ್ಲ.”

ನಾನು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದೆ.

“ಅವರ ಹತ್ರ ಇಲ್ಲ ಮದಾಂ.”

“ನಿನಗೇನು ಗೊತ್ತು?”

“ನಾನು ಸುಟ್ಟೆ. ಕೊನೇ ಆಟದ ದಿನ. ಪಾತ್ರದ ಹಾಳೆ ಅಂತ ಬಾಯ್ಲರಿಗೆ ಹಾಕಿಬಿಟ್ಟೆ. ಮೊಸ್ಯೋ ಬಂದಿದ್ದು ಟೋಪಿಗೆ.”

ಅವರು ನನ್ನನ್ನು ನೋಡಿದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವರು ಕುರ್ಚಿ ಎಳೆದು ಕೂತರು.

“ಎಲ್ಲಾನೂ?”

“ಎಲ್ಲಾನೂ.”

“ಹದಿನೆಂಟು ವರ್ಷ ನನ್ನ ಮುಖ ನೋಡ್ತಾ ಇದ್ಯಲ್ಲೇ.”

“ಹೂಂ ಮದಾಂ.”

“ದಿನಾ ಬೆಳಿಗ್ಗೆ.”

“ಹೂಂ.”

ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಲ್ಲಿ ಒತ್ತಿ ಒತ್ತಿ ಎತ್ತುತ್ತಿದ್ದರು. ಆಮೇಲೆ ಅಂದರು: “ಅಂದ್ರೆ ಅವನನ್ನ ನಾನು ಕಳ್ಳ ಕಳ್ಳ ಅಂತ ಬೈದಿದ್ದು ದಂಡ. ಬೈಯೋಕೆ ಸರಿಯಾದ ಕಾರಣ ಬೇಕಾದಷ್ಟಿದ್ವು. ಅವನ್ನೆಲ್ಲಾ ಬಿಟ್ಟು ಇದನ್ನೇ ಹಿಡ್ಕೊಂಡೆ.” ಕೊನೆಯ ಪುಡಿ ಎತ್ತಿ, “ನಿನ್ನನ್ನ ಏನು ಮಾಡ್ಲಿ ಹೇಳು? ಕಳಿಸಿದ್ರೆ ಕೊಕ್ಕೆ ಹಾಕೋರಿಲ್ಲ. ಆ ಡಾಕ್ಟರ ಅಂಗಿ ನೋಡು, ಸುಟ್ಟಿದೆ.”

ಸಂಜೆ ಮೇಜಿಗೆ ಕೂತು ಒಂದು ಹಾಳೆಯ ಮೇಲೆ ಮೊರ್ವಾಲರೇ ಹೇಳಿದ ಹಾಗೆ ನಾಲ್ಕು ಸಾಲು ಬರೆದರು. ‘ಹೊಗೆಮನೆಯ ಹೆಂಗಸರು’ ಎಂಬ ಕಾದಂಬರಿಯನ್ನು ಬರೆದವಳು ಅರ್ಮೆಲ್ ತೆಸ್ಸಿಯೆ ಒಬ್ಬಳೇ, ಅದರಲ್ಲಿ ನನ್ನ ಒಂದು ಪದವೂ ಇಲ್ಲ. ಕೆಳಗೆ ಸಹಿಗೆ ಜಾಗ. “ಕಾಗದ ಇಲ್ದಿದ್ರೆ ಬೇಡ, ಅವನ ಸಹಿ ಸಾಕು” ಎಂದು ಮಡಿಸಿ ಕೈಚೀಲಕ್ಕೆ ಹಾಕಿದರು. ಪೆನ್ನನ್ನೂ.

ಬೆಳಗಿನ ಮೊದಲ ಗಾಡಿಗೆ ಹೋದೆವು. ಬ್ರೆಯೋತೆ ಸ್ಟೇಷನ್ನಿನಲ್ಲಿ ಇಳಿದು ಪ್ಯಾರಿಸ್ ಗಾಡಿ ಹಿಡಿಯಬೇಕು, ಅಲ್ಲಿ ಯಾವಾಗಲೂ ಗಾಳಿ. ಮದಾಂ ಕರಿ ಕೋಟು ಹಾಕಿ, ತುಟಿಗೆ ಬಣ್ಣ ಹಚ್ಚಿದ್ದರು. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. ಏನು ಹೇಳಬೇಕೆಂದು ಇಟಲಿಪಾಠ ಮಾಡುತ್ತಿದ್ದಾರೆ ಎಂದುಕೊಂಡೆ. ಎದುರಿನವರ ಮಾತು ಹೇಳಲು ನನ್ನನ್ನು ಕರೆಯಲಿಲ್ಲ.

ಅಲ್ಲಿಯ ನರ್ಸಮ್ಮ ಮರ್ತಿನಿಕ್ ದ್ವೀಪದ ಕಡೆಯವಳು, ದಪ್ಪಗೆ, ನಗುಮೊಗ. ಮೆಟ್ಟಿಲು ಹತ್ತಿಸುತ್ತ ಮಾತಾಡಿದಳು.

“ಒಳ್ಳೇ ಸ್ವಭಾವ ಮದಾಂ, ತೊಂದರೆ ಕೊಡಲ್ಲ. ಏನು ಮುಂದಿಟ್ರೂ ಸಹಿ ಹಾಕ್ತಾರೆ ಅಷ್ಟೆ. ಯಾರೋ ಅಭಿಮಾನಿ ಅನ್ಕೋತಾರೆ. ನಿನ್ನೆ ಊಟದ ಪಟ್ಟಿಗೂ ಹಾಕಿದ್ರು, ನನ್ನ ಬ್ಯಾಂಡೇಜಿಗೂ ಹಾಕಿದ್ರು.”

ಮದಾಂ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತರು. ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು. ಆಮೇಲೆ ಹತ್ತಿದರು.

ಕಿಟಕಿಯ ಪಕ್ಕ ಕುರ್ಚಿಯಲ್ಲಿ ಮೊರ್ವಾಲರು ಕೂತಿದ್ದರು. ಅಷ್ಟೆತ್ತರದ ಮನುಷ್ಯ, ಮಡಿಸಿಟ್ಟ ಕೋಟಿನ ಹಾಗೆ ಆಗಿದ್ದರು. ಮಡಿಲಲ್ಲಿ ಟೋಪಿ. ನನ್ನನ್ನು ನೋಡಿ, “ಬನ್ನಿ ಬನ್ನಿ ಝೆರ್ಮೇನ್” ಎಂದರು. ಸರಿ, ಅದೂ ಹಳೆಯ ಪದ್ಧತಿಯೇ. ಮದಾಂ ಗುರುತು ಸಿಕ್ಕಿತು.

“ಅರ್ಮೆಲ್! ಎಲ್ಲಿ ಹೋಗಿದ್ದೆ? ತಾಲೀಮಿಗೆ ಹೊತ್ತಾಗ್ಲಿಲ್ವಾ?”

“ಇವತ್ತು ರಜೆ ರೆನೋ.”

“ಸದ್ಯ. ಕೂತ್ಕೋ. ನನ್ನ ಪುಸ್ತಕ ಓದಿಸ್ಕೊತಿದ್ದೆ ಇವರ ಕೈಲಿ. ಈ ನಾಟಕಗಳೆಲ್ಲ ಹೊಟ್ಟು ಅರ್ಮೆಲ್. ನಾನು ಬರೆದಿದ್ರಲ್ಲಿ ಒಳ್ಳೇದು ಅಂದ್ರೆ ಅದೊಂದೇ. ಮೀನಿನ ಹೆಂಗಸರದು.”

ಪಕ್ಕದ ಮೇಜಿನ ಮೇಲೆ ಇತ್ತು, ‘ಹೊಗೆಮನೆಯ ಹೆಂಗಸರು’. ಓದಿ ಓದಿ ಬೆನ್ನು ಮುರಿದಿತ್ತು. ರಟ್ಟಿನ ಮೇಲೆ ಮದಾಂ ಹೆಸರು. ಹೆಸರಿನ ಮೇಲೆ ಅವರ ಔಷಧಿಯ ಬಟ್ಟಲು.

ಸುಳ್ಳು ಹೇಳುತ್ತಿರಲಿಲ್ಲ ಅವರು, ಅದನ್ನು ನಾನು ಕಣ್ಣಾರೆ ನೋಡಿದೆ. ಆವತ್ತು ನಕ್ಕಿದ್ದು ಗೊತ್ತಿದ್ದು ನಕ್ಕ ನಗು. ಅದನ್ನು ಇಷ್ಟು ವರ್ಷ ಹೊತ್ತು ಹೊತ್ತು, ಕೊನೆಗೆ ನಂಬಿಬಿಟ್ಟಿದ್ದರು. ಮದಾಂ ಬೆರಳು ಕೈಚೀಲದ ಕೊಕ್ಕೆಯ ಮೇಲಿತ್ತು.

ಮೊರ್ವಾಲರು ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ರಂಗದ ದನಿಯಲ್ಲಿ ಶುರುಮಾಡಿದರು: “ನನ್ನ ಅಮ್ಮ ಮನೆಗೆ ಬರುವ ಮೊದಲು... ಅವಳ ವಾಸನೆ ಬರುತ್ತಿತ್ತು...” ಅಲ್ಲಿಗೆ ನಿಂತರು. ಕೈ ಗಾಳಿಯಲ್ಲಿ ನಿಂತಿತು.

ಮದಾಂ ಮುಂದುವರಿಸಿದರು. ಕೂತಲ್ಲೇ, ಕಿಟಕಿ ನೋಡುತ್ತ, ಅಭಿನಯವಿಲ್ಲದೆ, ಸರಸರನೆ. ವಾಸನೆ ಬಂದ ಕೂಡಲೇ ನಾವು ತಟ್ಟೆ ಹಾಕುತ್ತಿದ್ದೆವು, ಅವಳು ಮೆಟ್ಟಿಲ ಕೆಳಗೆ ಮರದ ಚಪ್ಪಲಿ ಬಿಡುವ ಹೊತ್ತಿಗೆ ಸಾರು ಬಟ್ಟಲಲ್ಲಿ ಇರುತ್ತಿತ್ತು, ಅವಳು ಕೈ ತೊಳೆಯುತ್ತಿರಲಿಲ್ಲ, ತೊಳೆದರೆ ಹುಣ್ಣು ಉರಿಯುತ್ತಿತ್ತು... ಮೊದಲ ಪುಟ ಮುಗಿಯಿತು, ಎರಡನೆಯದು, ಮೂರನೆಯದು. ಒಂದು ಕಡೆಯೂ ತೊಡರಲಿಲ್ಲ. ನರ್ಸಮ್ಮ ಪುಸ್ತಕ ತೆಗೆದು ಬೆರಳು ಓಡಿಸುತ್ತ ನೋಡಿದಳು, ಬೆರಳು ಹಿಂದೆ ಬಿತ್ತು. ಹದಿನೆಂಟು ವರ್ಷ ಈ ಹೆಂಗಸು ಕಾಗದ ಕಾಗದ ಎಂದು ಪರದಾಡಿದರು, ಇಡೀ ಪುಸ್ತಕ ಅವರ ಬಾಯಲ್ಲೇ ಇತ್ತು. ಯಾರೂ ಹೇಳಿಸಿ ನೋಡಿರಲಿಲ್ಲ. ಅವರಿಗೂ ಹೇಳಬೇಕೆಂದು ತೋಚಿರಲಿಲ್ಲ. ನಟಿ ಕಂಠಪಾಠ ಹೇಳಿದರೆ ಯಾರು ಏನು ಒಪ್ಪುತ್ತಾರೆ?

ಮೊರ್ವಾಲರು ಬಾಯಿ ತೆರೆದು ಕೇಳಿದರು. ಮುಗಿದಾಗ ಅವರ ಕಣ್ಣು ಒದ್ದೆಯಾಗಿತ್ತು.

“ಒಂದು ಪದಾನೂ ಬಿಡ್ಲಿಲ್ಲ” ಎಂದರು. “ನಾನು ಬರೆದಿದ್ದನ್ನ ಯಾರೂ ಇಷ್ಟು ಚೆನ್ನಾಗಿ ಪಾಠ ಮಾಡಿಲ್ಲ ಅರ್ಮೆಲ್. ನೀನು ಎರಡನೇ ಸಾಲಿಗೆ ಇರ್ಬೇಕಾದೋಳಲ್ಲ.”

ನರ್ಸಮ್ಮ ಪುಸ್ತಕದ ರಟ್ಟು ನೋಡಿದಳು, ಮದಾಂ ಮುಖ ನೋಡಿದಳು, ಏನೋ ಹೇಳಲು ಹೋದಳು. ಮದಾಂ ತಲೆಯಾಡಿಸಿ ತಡೆದರು.

“ರೆನೋ, ಒಂದು ಕೇಳ್ಲಾ? ಹೆರಿಂಗನ್ನ ಕೋಲಿಗೆ ಪೋಣಿಸ್ತಾರಲ್ಲ, ಎಲ್ಲಿಂದ ಪೋಣಿಸ್ತಾರೆ?”

ಮೊರ್ವಾಲರು ಬಹಳ ಯೋಚಿಸಿದರು. ಹಣೆ ಸುಕ್ಕಾಯಿತು. “ಬಾಲದಿಂದ” ಎಂದರು.

ಮದಾಂ ನಕ್ಕರು. ಸಣ್ಣಗೆ, ಬಾಯಿ ಮುಚ್ಚಿಕೊಂಡೇ. ಎದ್ದು, ಅವರ ಮೊಣಕಾಲಿನಿಂದ ಜಾರಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದರು. ಔಷಧಿಯ ಬಟ್ಟಲನ್ನು ಪುಸ್ತಕದ ಮೇಲಿಂದ ತೆಗೆದು ಪಕ್ಕಕ್ಕಿಟ್ಟರು. ಚೀಲವನ್ನು ತೆರೆಯಲಿಲ್ಲ.

“ಬರ್ತೀನಿ ರೆನೋ.”

“ನನ್ನ ಟೋಪಿ ನೋಡಿದ್ಯಾ?”

“ನಿನ್ನ ಮಡಿಲಲ್ಲೇ ಇದೆ.”

ವಾಪಸು ಗಾಡಿಯಲ್ಲಿ ಚಪ್ಪಲಿ ಬಿಚ್ಚಿ ಎದುರಿನ ಸೀಟಿಗೆ ಕಾಲಿಟ್ಟು ಕೂತರು. ತುಟಿ ಅಲ್ಲಾಡುತ್ತಿರಲಿಲ್ಲ. ಬ್ರೆಯೋತೆ ಹತ್ತಿರ ಬಂದಾಗ ನಾನು ಕೇಳಿದೆ, “ಸಹಿ ಹಾಕಿಸ್ಬಹುದಿತ್ತಲ್ಲ ಮದಾಂ, ಹಾಕ್ತಿದ್ರು.”

“ಬ್ಯಾಂಡೇಜಿಗೂ ಹಾಕೋ ಸಹಿ ಕಣೇ ಅದು.” ಕಿಟಕಿಗೆ ತಲೆ ಒರಗಿಸಿದರು. “ಸೊಂಟ ಹಿಡ್ಕೊಂಡಿದೆ. ಮನೇಲಿ ಏನಿದೆ ತಿನ್ನೋಕೆ?”

“ಲೀಕ್ ಈರುಳ್ಳಿ ಇದೆ, ಲೆಯೋಂತಿನ್ ಕೊಟ್ಟಿದ್ದು. ಎರಡು ಆಲೂಗಡ್ಡೆ.”

“ಸಾರು ಮಾಡೋಣ.”

ಆಮೇಲೆ ಅವರು ಏನೂ ಬರೆಯಲಿಲ್ಲ. ಹನ್ನೊಂದು ವರ್ಷ ಬದುಕಿದ್ದರು, ಆ ಪುಸ್ತಕದ ಮಾತು ಎತ್ತಲಿಲ್ಲ. ಮೊರ್ವಾಲರು ತೀರಿಕೊಂಡಾಗ ಪತ್ರಿಕೆಯವರು ಅವರ ಕೃತಿಗಳ ಪಟ್ಟಿಯ ಕೊನೆಗೆ ‘ಹೆಂಡತಿಯ ಹೆಸರಿನಲ್ಲಿ’ ಎಂದು ಅದನ್ನೂ ಸೇರಿಸಿದ್ದರು. ಮದಾಂ ಕನ್ನಡಕ ಏರಿಸಿ ಓದಿ, “ಮೇಜು ಅಲ್ಲಾಡ್ತಿದ್ಯಾ ನೋಡು” ಎಂದರು.

ಆದರೆ ನಾನು ಹೇಳಬೇಕೆಂದಿದ್ದದ್ದು ಮೊರ್ವಾಲರನ್ನು ನೋಡಿ ವಾಪಸಾದ ಆ ಸಂಜೆಯದು. ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮದಾಂ ಕೋಟು ಬಿಚ್ಚಿ ಮೊಳೆಗೆ ಹಾಕಿ, ಏಪ್ರನ್ ಕಟ್ಟಿಕೊಂಡರು. ಹಿಂದಿನ ಗಂಟು ನಾನು ಹಾಕಿದೆ. ಸಿಪ್ಪೆ ಬೀಳಲು ಹಳೆಯ ಪತ್ರಿಕೆ ಹುಡುಕಿದೆ, ಇರಲಿಲ್ಲ. ಅವರು ಕೈಚೀಲ ತೆಗೆದು, ಸಹಿಗೆಂದು ಬರೆದು ಮಡಿಸಿದ್ದ ಆ ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಹಾಸಿದರು.

ಈ ಸಲ ನಾನು ಅದನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಏನೂ ಇರಲಿಲ್ಲ.

“ಏನೂ ಇಲ್ಲ ಕಣೇ, ಹಾಸು” ಎಂದರು ಮದಾಂ.

ಹಾಸಿದೆ. ಅವರು ಲೀಕಿನ ಹಸಿರು ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ ನನಗೆ ಕೊಡುತ್ತಿದ್ದರು. ಅದರ ಪದರಗಳಲ್ಲಿ ಮರಳು ಕೂತಿರುತ್ತದೆ. ನಾನು ನಲ್ಲಿಯ ಕೆಳಗೆ ಹಿಡಿದು, ಒಂದೊಂದೇ ಪದರ ಬಿಡಿಸಿ ತೊಳೆಯುತ್ತಿದ್ದೆ.